ದಪ್ಪ ತಗಡಿನ ಭರವಸೆ: ಕಾಸ್ಟಿಕ್ ಟ್ಯಾಂಕುಗಳ ವಿನ್ಯಾಸ ಕುರಿತು

ಕಾಸ್ಟಿಕ್ ಸೋಡಾ ತುಂಬಿಡುವ ಉಕ್ಕಿನ ಟ್ಯಾಂಕುಗಳ ಬಗ್ಗೆ ಕೊಪ್ಪಳ ಜಿಲ್ಲೆಯ ಮರಳಿಯಲ್ಲಿ ಉಪನ್ಯಾಸ ಏಕೆ ಎಂದು ಕೇಳುವವರಿಗೆ ಸುತ್ತಲಿನ ಊರುಗಳೇ ಉತ್ತರ ಕೊಡುತ್ತವೆ. ಸಕ್ಕರೆ ಕಾರ್ಖಾನೆಯನ್ನು ಕಂಡ ಸೀಮೆ ಇದು. ಕಬ್ಬಿನ ಹಾಲನ್ನು ಕುದಿಸಿ ಗಟ್ಟಿ ಮಾಡುವ ಪಾತ್ರೆಗಳ ಕೊಳವೆಗಳಿಗೆ ಹಂಗಾಮಿನುದ್ದಕ್ಕೂ ಹಕ್ಕಳೆ ಕಟ್ಟುತ್ತದೆ. ಅದನ್ನು ಸಡಿಲಿಸಲು ಕಾಸ್ಟಿಕ್ ನೀರು ಕುದಿಸುವುದು ಸಕ್ಕರೆ ಉದ್ಯಮದ ಹಳೆಯ ವಾಡಿಕೆ. ಕೊಪ್ಪಳದ ಕಡೆ ಹೋದರೆ ಗಿಣಿಗೇರಾ, ಬೇವಿನಹಳ್ಳಿಗಳಲ್ಲಿ ಉಕ್ಕು ಮತ್ತು ಬೀಡುಕಬ್ಬಿಣದ ದೊಡ್ಡ ಕಾರ್ಖಾನೆಗಳಿವೆ. ಸ್ವಂತ ವಿದ್ಯುತ್ ಘಟಕ ಇಟ್ಟುಕೊಂಡ ಕಾರ್ಖಾನೆ ಎಲ್ಲಿದ್ದರೂ ಬಾಯ್ಲರಿನ ನೀರಿನಿಂದ ಲವಣ ತೆಗೆಯುವ ಒಂದು ಘಟಕ ಸಾಮಾನ್ಯವಾಗಿ ಇರುತ್ತದೆ. ಅದರ ಪಕ್ಕದಲ್ಲಿ ಒಂದು ಹೈಡ್ರೋಕ್ಲೋರಿಕ್ ಆಮ್ಲದ ಟ್ಯಾಂಕು, ಒಂದು ಕಾಸ್ಟಿಕ್ ಟ್ಯಾಂಕು. ಗಂಗಾವತಿ, ಕಾರಟಗಿಗಳ ಅಕ್ಕಿ ಗಿರಣಿಗಳವರು ಕಾಸ್ಟಿಕ್ ಕೊಳ್ಳದೆ ಇರಬಹುದು. ಆದರೆ ಅವರ ಬಾಯ್ಲರು ತನಗೆ ಬೇಕಾದ ಕಾಸ್ಟಿಕ್ಕನ್ನು ತಾನೇ ಮಾಡಿಕೊಳ್ಳಬಲ್ಲದು. ಅದು ಹೇಗೆ ಎಂಬುದಕ್ಕೆ ಮುಂದೆ ಬರುತ್ತೇನೆ. ರಾಜ್ಯದ ಮಟ್ಟಿಗೆ ನೋಡಿದರೆ ಬೆಳಗಾವಿಯಲ್ಲಿ 1969ರಿಂದ ಬಾಕ್ಸೈಟನ್ನು ಬಿಸಿ ಕಾಸ್ಟಿಕ್‌ನಲ್ಲಿ ಕರಗಿಸಿ ಅಲ್ಯುಮಿನಾ ತೆಗೆಯುತ್ತಿದ್ದಾರೆ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಬಿದಿರು, ಮರದ ಚೂರುಗಳನ್ನು ಬೇಯಿಸುವ ದ್ರಾವಣದ ಜೀವಾಳವೂ ಕಾಸ್ಟಿಕ್ಕೇ. ಕಾರವಾರದ ಬಿಣಗಾದಲ್ಲಿ ಅದನ್ನು ಉಪ್ಪಿನಿಂದ ತಯಾರಿಸುತ್ತಾರೆ.

ಇಂಥ ಟ್ಯಾಂಕು ಮಾಡಿಸುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಕಾಸ್ಟಿಕ್ ಉಕ್ಕನ್ನು ತಿನ್ನುತ್ತದೆ, ಆದ್ದರಿಂದ ತಗಡು ದಪ್ಪ ಇರಲಿ, 6 ಮಿ.ಮೀ. ಸಾಕಾಗುವಲ್ಲಿ 8 ಹಾಕಿ, 8 ಸಾಕಾಗುವಲ್ಲಿ 10 ಹಾಕಿ, ನಿಶ್ಚಿಂತರಾಗಿರಿ ಎನ್ನುವುದು ಆ ನಂಬಿಕೆ. ಇದು ಅರ್ಧ ತಪ್ಪು, ಇನ್ನರ್ಧ ಅಪಾಯಕಾರಿ ಎಂದು ತೋರಿಸುವುದು ಈ ಉಪನ್ಯಾಸದ ಉದ್ದೇಶ. ಮೊದಲು ತಪ್ಪಿನ ಭಾಗ. ಸಾಮಾನ್ಯ ಹವೆಯಲ್ಲಿ ಸಾದಾ ಉಕ್ಕು ಕಾಸ್ಟಿಕ್ ದ್ರಾವಣದಲ್ಲಿ ಬಹಳ ಸುಖವಾಗಿರುತ್ತದೆ. ಅಷ್ಟು ತೀವ್ರ ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ತೆಳುವಾದ ಆಕ್ಸೈಡಿನ ಪೊರೆ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಮಾರುಕಟ್ಟೆಗೆ ಬರುವ ಕಾಸ್ಟಿಕ್ ಲೈ ಸುಮಾರು 48ರಿಂದ 50 ಪ್ರತಿಶತದ್ದು. ಅದನ್ನು ರಸ್ತೆಯ ಮೇಲೆ ಸಾಗಿಸುವ ಟ್ಯಾಂಕರುಗಳಲ್ಲಿ ಎಷ್ಟೋ ಸಾದಾ ಉಕ್ಕಿನವೇ. ಹೈಡ್ರೋಕ್ಲೋರಿಕ್ ಆಮ್ಲವನ್ನು ಅದೇ ಟ್ಯಾಂಕರಿಗೆ ತುಂಬಿದರೆ ಊರು ಮುಟ್ಟುವ ಮೊದಲೇ ತೂತು ಬಿದ್ದೀತು. ಆಮ್ಲಕ್ಕೂ ಕ್ಷಾರಕ್ಕೂ ಒಂದೇ ಹಗೆತನ ಹಚ್ಚಿ ಎರಡಕ್ಕೂ ದಪ್ಪ ತಗಡೇ ಮದ್ದು ಎನ್ನುವುದು ಆಮ್ಲದಿಂದ ಕಲಿತ ಪಾಠವನ್ನು ಕಾಸ್ಟಿಕ್ಕಿಗೆ ಒಪ್ಪಿಸಿದಂತೆ. ಶಾಖ ಏರಿದಾಗ, 60 ಡಿಗ್ರಿ ಸೆಲ್ಸಿಯಸ್ ದಾಟಿ 80ರ ಕಡೆ ಹೋದಾಗ, ಕಬ್ಬಿಣ ಕರಗುವುದು ಹೆಚ್ಚುತ್ತದೆ ಎಂಬುದು ನಿಜ. ಅದಕ್ಕೆಂದು 2–3 ಮಿ.ಮೀ. ಹೆಚ್ಚುವರಿ ದಪ್ಪ ಬಿಡುವ ಪದ್ಧತಿಗೂ ನನ್ನ ವಿರೋಧವಿಲ್ಲ. ಆದರೆ ಕಾಸ್ಟಿಕ್ ಟ್ಯಾಂಕು ಕೈಕೊಡುವುದು ಸವೆದು ಅಲ್ಲ, ಸೀಳಿ.

ಸೀಳುವುದಕ್ಕೆ ಮೂರು ಸೇರಬೇಕು: ಗಟ್ಟಿ ಕಾಸ್ಟಿಕ್, ಶಾಖ, ಮತ್ತು ಉಕ್ಕನ್ನು ಎಳೆದು ಹಿಡಿದ ಬಿಗಿತ. ಮೊದಲೆರಡು ಎಲ್ಲರಿಗೂ ತಿಳಿದವು. ಮೂರನೆಯದು ಎಲ್ಲಿಂದ ಬರುತ್ತದೆ? ದ್ರಾವಣದ ಭಾರದಿಂದ ಎಂದು ತಟ್ಟನೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡೋಣ. 6 ಮೀಟರ್ ಅಗಲ, 6 ಮೀಟರ್ ಎತ್ತರದ ಒಂದು ಟ್ಯಾಂಕಿಗೆ 50 ಪ್ರತಿಶತದ ಲೈ ತುಂಬಿದೆ, ಗೋಡೆ 8 ಮಿ.ಮೀ. ದಪ್ಪ ಎಂದುಕೊಳ್ಳಿ. ಬುಡದಲ್ಲಿ ಗೋಡೆಯ ಉಕ್ಕಿಗೆ ಬೀಳುವ ಎಳೆತ ಸುಮಾರು 34 ಮೆಗಾಪಾಸ್ಕಲ್. ಟ್ಯಾಂಕಿಗೆ ಬಳಸುವ ಸಾದಾ ಉಕ್ಕು 250 ಮೆಗಾಪಾಸ್ಕಲ್‌ವರೆಗೆ ಬಗ್ಗದೆ ತಡೆಯುತ್ತದೆ. ಅಂದರೆ ಏಳರಲ್ಲಿ ಒಂದು ಪಾಲು ಬಲವೂ ಖರ್ಚಾಗಿಲ್ಲ. ಬಲವೊಂದನ್ನೇ ನೋಡಿದರೆ 2 ಮಿ.ಮೀ. ತಗಡೇ ಸಾಕು, ಆದರೆ ಅಷ್ಟು ತೆಳು ತಗಡು ಗಾಳಿಗೆ, ಬೆಸುಗೆಗೆ ನಿಲ್ಲದು ಎಂದು ಎಪಿಐ 650ರಂಥ ಮಾನಕಗಳು ಸಣ್ಣ ಟ್ಯಾಂಕಿಗೂ 5 ಮಿ.ಮೀ.ಗಿಂತ ಕಡಿಮೆ ಬೇಡ ಎನ್ನುತ್ತವೆ. ಈಗ ಅದೇ ಗೋಡೆಯ ಬೆಸುಗೆಗಳಿಗೆ ಬನ್ನಿ. ಚಕ್ಕಡಿ ಗಾಲಿಗೆ ಕಮ್ಮಾರ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ತೊಡಿಸುತ್ತಾನೆ. ಆರಿದಾಗ ಹಳಿ ಕುಗ್ಗಿ ಕಟ್ಟಿಗೆಯನ್ನು ಬಿಗಿಹಿಡಿಯುತ್ತದೆ, ತಾನೂ ಬಿಗಿದುಕೊಂಡೇ ಉಳಿಯುತ್ತದೆ. ಬೆಸುಗೆಯೂ ಹಾಗೆಯೇ. ಕರಗಿದ ಲೋಹ ಆರುತ್ತ ಕುಗ್ಗಬೇಕು, ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಕೊನೆಗೆ ಬೆಸುಗೆಯಲ್ಲಿ ಉಳಿಯುವ ಒಳಬಿಗಿತ ಉಕ್ಕು ಬಗ್ಗುವ ಮಿತಿಯ ಹತ್ತಿರ, ಅಂದರೆ 250 ಮೆಗಾಪಾಸ್ಕಲ್‌ನ ಸಮೀಪಕ್ಕೂ ಹೋಗಬಹುದು. ದ್ರಾವಣದ ಭಾರದಿಂದ ಬಂದದ್ದಕ್ಕಿಂತ ಇದು ಏಳು ಪಟ್ಟು. ಇದು ಟ್ಯಾಂಕು ಖಾಲಿ ಇದ್ದಾಗಲೂ ಅಲ್ಲೇ ಇರುತ್ತದೆ. ತಗಡನ್ನು 10 ಮಿ.ಮೀ.ಗೆ ಏರಿಸಿದರೆ 34 ಇದ್ದದ್ದು 27ಕ್ಕೆ ಇಳಿಯುತ್ತದೆ, ಆದರೆ ಆ 250 ಕದಲುವುದಿಲ್ಲ. ದಪ್ಪ ತಗಡಿಗೆ ಹೆಚ್ಚು ಸಲ ಬೆಸುಗೆ ಎಳೆಯಬೇಕು. ಆ ಎಳೆತದಲ್ಲಿ ಒಳಬಿಗಿತ ಹೆಚ್ಚೀತೇ ಹೊರತು ಕಡಿಮೆಯಾಗದು.

ಈ ಸೀಳುವ ರೋಗ ಮೊದಲು ಪತ್ತೆಯಾದದ್ದು ಟ್ಯಾಂಕಿನಲ್ಲಲ್ಲ, ಬಾಯ್ಲರಿನಲ್ಲಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಎಸ್. ಡಬ್ಲ್ಯು. ಪಾರ್ 1917ರಲ್ಲಿ ಮೆದು ಉಕ್ಕನ್ನು ಕಾಸ್ಟಿಕ್ ಹೇಗೆ ಪೆಡಸಾಗಿಸುತ್ತದೆ ಎಂಬ ಬಗ್ಗೆ ಒಂದು ವರದಿ ಪ್ರಕಟಿಸಿದರು. ರಿವೆಟ್ ಹೊಡೆದ ಬಾಯ್ಲರುಗಳು ರಿವೆಟ್ ತೂತಿನ ಸುತ್ತ ಬಿರುಕು ಬಿಡುತ್ತಿದ್ದವು. ಉಕ್ಕಿನ ದೋಷ ಎಂದು ಕೆಲವರು, ಕೆಲಸಗಾರರ ದೋಷ ಎಂದು ಕೆಲವರು ವಾದಿಸುತ್ತಿದ್ದರು. ಪಾರ್ ನೀರನ್ನು ನೋಡಿದರು. ತೊಂದರೆ ಕಂಡದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ಆಳದ ಬಾವಿಗಳ ನೀರು ಬಳಸುವ ಕಡೆ. ಬೈಕಾರ್ಬೊನೇಟು ಬಾಯ್ಲರಿನಲ್ಲಿ ಕುದಿದು ಕಾರ್ಬೊನೇಟಾಗುತ್ತದೆ, ಅದರಲ್ಲಿ ಒಂದು ಪಾಲು ಇನ್ನೂ ಒಡೆದು ಕಾಸ್ಟಿಕ್ಕಾಗುತ್ತದೆ. ಬಾಯ್ಲರಿನ ನೀರಿನಲ್ಲಿ ಅದರ ಪ್ರಮಾಣ ಅತ್ಯಲ್ಪ. ಆದರೆ ರಿವೆಟ್ಟಿನ ಸಂದಿಗೆ ನುಸುಳಿದ ನೀರು ಅಲ್ಲಿ ಆವಿಯಾಗುತ್ತ ಹೋದಂತೆ ಕಾಸ್ಟಿಕ್ ಗಟ್ಟಿಯಾಗುತ್ತ ಹೋಗಿ ಕೊನೆಗೆ ಲೈ ಆಗಿಯೇ ಕೂಡುತ್ತದೆ. ತುಂಗಭದ್ರಾ ಅಚ್ಚುಕಟ್ಟಿನವರಿಗೆ ಇದು ದೂರದ ಕಥೆಯಲ್ಲ. ಸವಳು-ಜವಳಿನ ಸಮಸ್ಯೆಯ ಮೇಲೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ದುಡಿಯುತ್ತಿದೆ. ಹೊಲದಲ್ಲಿ ಸವಳು ಇದ್ದಲ್ಲಿ ಬೋರಿನ ನೀರನ್ನು ಪರೀಕ್ಷಿಸದೆ ನಂಬುವಂತಿಲ್ಲ. ಗಡಸು ನೀರನ್ನು ಸಾಫ್ಟನರಿನಲ್ಲಿ ಹಾಯಿಸಿದರೆ ಸುಣ್ಣದ ಬೈಕಾರ್ಬೊನೇಟು ಸೋಡಿಯಂ ಬೈಕಾರ್ಬೊನೇಟಾಗಿ ಹೊರಬರುತ್ತದೆ, ಪಾರ್ ಹೇಳಿದ ದಾರಿಯನ್ನೇ ಹಿಡಿಯುತ್ತದೆ. ಅಕ್ಕಿ ಗಿರಣಿಯ ಬಾಯ್ಲರು ಕಾಸ್ಟಿಕ್ ಮಾಡಿಕೊಳ್ಳುತ್ತದೆ ಎಂದದ್ದು ಇದನ್ನೇ. ಇಂದಿನ ಬಾಯ್ಲರುಗಳಿಗೆ ರಿವೆಟ್ಟಿಲ್ಲ, ನೀರಿಗೆ ಫಾಸ್ಫೇಟ್ ಮುಂತಾದ ಮದ್ದುಗಳಿವೆ, 1923ರಿಂದ ಬಾಯ್ಲರ್ ಕಾಯ್ದೆ ಇದೆ, 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಹಾಗಾಗಿ ಬಾಯ್ಲರಿನಲ್ಲಿ ಈ ರೋಗ ಬಹುಪಾಲು ಹಿಡಿತಕ್ಕೆ ಸಿಕ್ಕಿತು. ಆದರೆ ಬಾಯ್ಲರಿನ ಕಾಯ್ದೆ ನೋಡುವುದು ಉಗಿ ಹುಟ್ಟಿಸುವ ಪಾತ್ರೆಯನ್ನು. ಅದೇ ಅಂಗಳದಲ್ಲಿ ನಿಂತ, ಒತ್ತಡವಿಲ್ಲದ ಕಾಸ್ಟಿಕ್ ಟ್ಯಾಂಕಿನ ಬೆಸುಗೆಯನ್ನು ಅದು ವಿಚಾರಿಸುವುದಿಲ್ಲ.

ಬೆಸುಗೆ ಬಂದ ಮೇಲೆ ಕಾಯಿಲೆ ಹೋಯಿತೆಂದು ತಿಳಿದವರಿಗೆ ಕಾಗದದ ಉದ್ಯಮ ಬೇರೆಯೇ ಅನುಭವ ಕೊಟ್ಟಿತು. 1980ರಲ್ಲಿ ಅಮೆರಿಕದ ಅಲಬಾಮಾದ ಪೈನ್ ಹಿಲ್‌ನಲ್ಲಿ ಮರದ ಚೂರು ಬೇಯಿಸುವ ಎತ್ತರದ ಪಾತ್ರೆಯೊಂದು ಬೆಸುಗೆಯ ಗುಂಟ ಬಿರಿದುಹೋಯಿತು. ಆಮೇಲೆ ಬೇರೆ ಗಿರಣಿಗಳಲ್ಲಿ ಅಂಥ ಪಾತ್ರೆಗಳನ್ನು ತೆರೆದು ನೋಡಿದರೆ ಅನೇಕ ಕಡೆ ಇದೇ ಬಗೆಯ ಬಿರುಕುಗಳು ಸಿಕ್ಕವು. ಆ ಪಾತ್ರೆಗಳ ತಗಡು ತೆಳ್ಳಗಿನದಲ್ಲ. ನಮ್ಮ ಟ್ಯಾಂಕಿನ ಹಲವು ಪಟ್ಟು ದಪ್ಪ. ದಪ್ಪದಿಂದ ಕಾಸ್ಟಿಕ್ ಹೆದರುವುದಾದರೆ ಅವು ಉಳಿಯಬೇಕಿತ್ತು. ಅಲ್ಯುಮಿನಾ ಉದ್ಯಮದ ಪಾಠವೂ ಇದೇ. ಅಲ್ಲಿ ದೊಡ್ಡ ದೊಡ್ಡ ಟ್ಯಾಂಕುಗಳ ಒಳಗೋಡೆಗೆ ಅಂಟಿದ ಗಟ್ಟಿ ಪದರವನ್ನು ಕಾಲಕಾಲಕ್ಕೆ ಬಿಸಿ ಕಾಸ್ಟಿಕ್ಕಿನಿಂದ ಕರಗಿಸಿ ತೆಗೆಯುತ್ತಾರೆ. ಉಳಿದ ದಿನ ಸುಮ್ಮನಿದ್ದ ಬೆಸುಗೆಗೆ ಗಂಡಾಂತರ ಬರುವುದು ಆ ಶುಚಿ ಮಾಡುವ ವೇಳೆಗೆ. ಆದ್ದರಿಂದಲೇ ಆ ಉದ್ಯಮದವರು ಬೆಸೆದ ಪಾತ್ರೆಗಳನ್ನು ಕಾಯಿಸಿ ಆರಿಸಿ ಒಳಬಿಗಿತ ಸಡಿಲಿಸುವ ಶಾಖೋಪಚಾರಕ್ಕೆ ಒಳಪಡಿಸುವುದಕ್ಕೆ ಹೆಚ್ಚು ಮಹತ್ವ ಕೊಡುತ್ತ ಬಂದರು.

ಹಾಗಾದರೆ ಎಷ್ಟು ಬಿಸಿ ಅಪಾಯ? ಇದಕ್ಕೆ ನೇಸ್ ಎಂಬ ತುಕ್ಕು ತಜ್ಞರ ಸಂಸ್ಥೆಯ ಒಂದು ಪ್ರಸಿದ್ಧ ನಕ್ಷೆಯಿದೆ. ಅಡ್ಡಕ್ಕೆ ಕಾಸ್ಟಿಕ್ಕಿನ ಪ್ರಮಾಣ, ಉದ್ದಕ್ಕೆ ಶಾಖ. ಕೆಳಗಿನ ವಲಯದಲ್ಲಿ ಸಾದಾ ಬೆಸುಗೆ ಸಾಕು, ನಡುವಿನ ವಲಯದಲ್ಲಿ ಬೆಸುಗೆಯ ಒಳಬಿಗಿತ ತೆಗೆದಿರಬೇಕು, ಮೇಲಿನ ವಲಯದಲ್ಲಿ ಉಕ್ಕನ್ನು ಬಿಟ್ಟು ನಿಕ್ಕಲ್ ಮಿಶ್ರಲೋಹಕ್ಕೆ ಹೋಗಬೇಕು. ತೆಳು ದ್ರಾವಣಕ್ಕೆ ಕೆಳಗಿನ ಗೆರೆ ಸುಮಾರು 80 ಡಿಗ್ರಿಯಲ್ಲಿದೆ. 50 ಪ್ರತಿಶತದ ಲೈಗೆ ಅದು 45ರಿಂದ 50 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಜರ್ಮನಿಯಲ್ಲೋ ಕೆನಡಾದಲ್ಲೋ ಕೂತು ನೋಡಿದವರಿಗೆ 45 ಡಿಗ್ರಿ ಬಹಳ ದೂರದ ಮಾತು. ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳ ಏಪ್ರಿಲ್ ಬಿಸಿಲು 40 ದಾಟುತ್ತದೆ, ಬಿಸಿಲಿಗೆ ನಿಂತ ಬರಿ ತಗಡು ಅದಕ್ಕಿಂತ ಎಷ್ಟೋ ಬಿಸಿಯಾಗುತ್ತದೆ. ತುಂಬಿದ ಟ್ಯಾಂಕಿನ ಲೈ ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿಕೊಳ್ಳುವುದರಿಂದ ತಕ್ಷಣ ಆ ಗೆರೆ ದಾಟುವುದಿಲ್ಲ ಎಂಬುದು ಸರಿ. ನಕ್ಷೆಯ ಗೆರೆಗೂ ಒಂದಿಷ್ಟು ಸುರಕ್ಷತೆಯ ಅಂತರ ಸೇರಿದೆ ಎಂಬುದೂ ಸರಿ. ಆದರೂ ನಮ್ಮ ಸೀಮೆಯಲ್ಲಿ ಆ ಅಂತರ ಕಿರಿದು. ಬೇರೆ ಕಡೆಯ ಟ್ಯಾಂಕಿನ ನಕಾಶೆಯನ್ನು ಹಾಗೆಯೇ ಇಲ್ಲಿ ಇಳಿಸಬಾರದು ಎನ್ನುವುದಕ್ಕೆ ಇದು ಮೊದಲ ಕಾರಣ. ಟ್ಯಾಂಕಿಗೆ ಬಿಳಿ ಬಣ್ಣ, ಸಾಧ್ಯವಾದರೆ ಮೇಲೊಂದು ಶೀಟಿನ ನೆರಳು — ಇವು ಇಲ್ಲಿ ಅಂದಕ್ಕೆ ಮಾಡುವ ಖರ್ಚಲ್ಲ.

ಎರಡನೆಯ ಕಾರಣ ಇನ್ನೂ ಸ್ವಾರಸ್ಯದ್ದು. 50 ಪ್ರತಿಶತದ ಲೈ ಸುಮಾರು 12 ಡಿಗ್ರಿಗೆ ಹೆಪ್ಪುಗಟ್ಟತೊಡಗುತ್ತದೆ. ಹಿಮ ಬೀಳುವ ನಾಡುಗಳಲ್ಲಿ ಅದನ್ನು ಕರಗಿಸಿ ಇಡಲು ಟ್ಯಾಂಕಿನೊಳಗೆ ಉಗಿಯ ಕಾಯಿಲ್ ಹಾಕುತ್ತಾರೆ. ಅಲ್ಲಿನ ನಕಾಶೆಯನ್ನು ನೋಡಿ ಇಲ್ಲಿ ಬಿಡಿಸಿದ ನಕಾಶೆಯಲ್ಲೂ ಕಾಯಿಲ್ ಬಂದೇ ಬರುತ್ತದೆ. ಏಕೆ ಎಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಪುಷ್ಯದ ಅಪರೂಪದ ಚಳಿ ರಾತ್ರಿಗಳನ್ನು ಬಿಟ್ಟರೆ 12 ಡಿಗ್ರಿ ಮುಟ್ಟುವುದೇ ಕಡಿಮೆ, ಮುಟ್ಟಿದರೂ ನೂರಾರು ಟನ್ ಲೈ ಒಂದು ರಾತ್ರಿಗೆ ತಣಿಯುವುದಿಲ್ಲ. ಆ ಕಾಯಿಲ್ ಇಲ್ಲಿ ಉಪಯೋಗಕ್ಕೆ ಬಾರದು, ಅಪಾಯಕ್ಕೆ ಮಾತ್ರ ಬರುತ್ತದೆ. 3.5 ಬಾರ್ ಒತ್ತಡದ ಉಗಿಯ ಶಾಖ 148 ಡಿಗ್ರಿಯಷ್ಟು. ಟ್ಯಾಂಕಿನ ಥರ್ಮಾಮೀಟರು 35 ತೋರಿಸುತ್ತಿದ್ದರೂ ಕಾಯಿಲ್ಲಿನ ಮೈಗೆ ಅಂಟಿದ ಲೈ ಅದರ ಹಲವು ಪಟ್ಟು ಬಿಸಿಯಲ್ಲಿರುತ್ತದೆ. ಆ ಕಾಯಿಲ್ಲನ್ನು ಗೋಡೆಗೆ ಹಿಡಿದಿರುವ ಕ್ಲ್ಯಾಂಪಿನ ಬೆಸುಗೆ, ಕಾಯಿಲ್ ಗೋಡೆಯನ್ನು ತೂರಿ ಹೊರಬರುವಲ್ಲಿನ ಬೆಸುಗೆ — ಮೂರೂ ಅಂಶಗಳು ಕೂಡುವ ಜಾಗ ಅದೇ. ಲೈ ಸಾಗುವ ಪೈಪು ತೆಳ್ಳಗಿರುವುದರಿಂದ ಚಳಿಗೆ ಕಟ್ಟಿಕೊಳ್ಳಬಹುದು ಎಂಬ ಭಯವಿದ್ದರೆ ಪೈಪಿಗಷ್ಟೇ ಥರ್ಮೋಸ್ಟಾಟ್ ಇರುವ ವಿದ್ಯುತ್ ಹೀಟಿಂಗ್ ಟೇಪು ಸುತ್ತಿದರೆ ಮುಗಿಯಿತು. ಟ್ಯಾಂಕಿಗೆ ಬಿಸಿ ಬೇಕೇ ಬೇಕು ಎನ್ನುವ ಪ್ರಕ್ರಿಯೆಯಿದ್ದರೆ ಉಗಿಯ ಬದಲು ಬಿಸಿನೀರು ಹಾಯಿಸಬೇಕು, ಇಲ್ಲವೆ ಕಾಯಿಲ್ಲನ್ನು ನಿಕ್ಕಲ್‌ನಲ್ಲಿ ಮಾಡಿಸಬೇಕು.

ಬಿಸಿ ಬರುವ ದಾರಿಗಳು ಇಷ್ಟೇ ಅಲ್ಲ. ಗಟ್ಟಿ ಲೈಗೆ ನೀರು ಬೆರೆಸಿದರೆ ಅದು ತಾನಾಗಿಯೇ ಹತ್ತಾರು ಡಿಗ್ರಿ ಬಿಸಿಯೇರುತ್ತದೆ. ಕಾಸ್ಟಿಕ್ ಫ್ಲೇಕ್ಸನ್ನು ನೀರಿಗೆ ಸುರಿದರೆ ಕುದಿ ಬರುವುದೂ ಉಂಟು. ಶೇಖರಣೆಯ ಟ್ಯಾಂಕಿನಲ್ಲೇ ಬೆರಕೆ ಮಾಡುವವರು ಅದನ್ನು ಕುದಿಸುವ ಪಾತ್ರೆ ಮಾಡಿಕೊಂಡಂತೆ. ಬೆರಕೆಗೆ ಬೇರೆ ಸಣ್ಣ ಪಾತ್ರೆಯಿರಬೇಕು, ಅದಕ್ಕೆ ಶಾಖೋಪಚಾರ ಆಗಿರಬೇಕು. ಇನ್ನೊಂದು ಟ್ಯಾಂಕು ತೊಳೆಯುವ ಕ್ರಮ. ಒಳಗಿಳಿದು ಕೆಲಸ ಮಾಡುವ ಮೊದಲು ಉಗಿ ಬಿಟ್ಟು ಶುಚಿ ಮಾಡುವುದು ಎಣ್ಣೆಯ ಟ್ಯಾಂಕುಗಳಿಂದ ಬಂದ ರೂಢಿ. ಕಾಸ್ಟಿಕ್ ಟ್ಯಾಂಕಿನಲ್ಲಿ ತಳದ ಲ್ಯಾಪ್ ಜೋಡಣೆಯಲ್ಲಿ, ನಾಝಲ್ಲಿನ ಅಂಚಿನಲ್ಲಿ ಉಳಿದ ಲೈಯ ಮೇಲೆ ಉಗಿ ಬಿದ್ದರೆ, ಹತ್ತು ವರ್ಷ ಸುರಕ್ಷಿತವಾಗಿದ್ದ ಬೆಸುಗೆ ಆ ಒಂದು ಪಾಳಿಯಲ್ಲೇ ಬಿರುಕಿಗೆ ಮೊದಲಿಡಬಹುದು. ತಣ್ಣೀರಿನಿಂದ ತೊಳೆದು, ತೊಳೆದ ನೀರಿನ ಪಿಎಚ್ ನೋಡಿದ ಮೇಲೆಯೇ ಉಗಿ. ಇದನ್ನು ಕಾರ್ಯಾಚರಣೆಯ ವಿಷಯ ಎಂದು ಕೈತೊಳೆದುಕೊಳ್ಳುವ ವಿನ್ಯಾಸಕಾರರಿದ್ದಾರೆ. ನನ್ನ ದೃಷ್ಟಿಯಲ್ಲಿ ಲೈ ನಿಲ್ಲದಂತೆ ತಳಕ್ಕೆ ಇಳಿಜಾರು ಕೊಡುವುದು, ಕೆಳಗೊಂದು ಗುಂಡಿಯ ಮೂಲಕ ಪೂರ್ತಿ ಖಾಲಿಯಾಗುವಂತೆ ಮಾಡುವುದು, ಒಳಗೆ ಸಂದಿಯೇ ಉಳಿಯದಂತೆ ಬೆಸುಗೆ ಎಳೆಸುವುದು ವಿನ್ಯಾಸಕಾರರದ್ದೇ ಹೊಣೆ. ನಕಾಶೆಯಲ್ಲಿ ಸಂದಿ ಬಿಟ್ಟು ಆಪರೇಟರನ್ನು ದೂರುವುದು ನ್ಯಾಯವಲ್ಲ.

ಭಾರದ ಪ್ರಶ್ನೆಯನ್ನು ನಾನು ಮೇಲೆ ಹಗುರವಾಗಿ ತಳ್ಳಿಹಾಕಿದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಸತ್ಯವಿದೆ. ಗೋಡೆಯ ಮಟ್ಟಿಗೆ ಭಾರ ದೊಡ್ಡದಲ್ಲ, ಆದರೆ ಪರೀಕ್ಷೆಯ ಮಟ್ಟಿಗೆ, ಅಡಿಪಾಯದ ಮಟ್ಟಿಗೆ ದೊಡ್ಡದೇ. ನಮ್ಮ ದೇಶದಲ್ಲಿ ನಿಂತ ಉರುಳೆಯಾಕಾರದ ಟ್ಯಾಂಕುಗಳಿಗೆ ಬಹುಕಾಲ ಕೈಗೆಟುಕಿದ ಮಾನಕ ಐಎಸ್ 803. ಅದು ಬರೆದದ್ದು ಎಣ್ಣೆಯ ಟ್ಯಾಂಕುಗಳಿಗೆ. ಎಣ್ಣೆ ನೀರಿಗಿಂತ ಹಗುರ. ಹಾಗಾಗಿ ಎಣ್ಣೆ ಟ್ಯಾಂಕಿಗೆ ಅಂಚಿನವರೆಗೆ ನೀರು ತುಂಬಿ ನೋಡಿದರೆ ಅದು ತನ್ನ ಆಯುಷ್ಯದಲ್ಲಿ ಹೊರಬೇಕಾದದ್ದಕ್ಕಿಂತ ಹೆಚ್ಚಿನ ಭಾರ ಹೊತ್ತು ಪರೀಕ್ಷೆ ಗೆದ್ದಂತಾಗುತ್ತದೆ. ಲೈಗೆ ಈ ಲೆಕ್ಕ ತಲೆಕೆಳಗು. ನಮ್ಮ 6 ಮೀಟರ್ ಟ್ಯಾಂಕಿಗೆ ಸುಮಾರು 170 ಟನ್ ನೀರು ಹಿಡಿಯುತ್ತದೆ. ಅದೇ ಟ್ಯಾಂಕಿಗೆ 50 ಪ್ರತಿಶತದ ಲೈ ಸುಮಾರು 260 ಟನ್. ನೀರಿನ ಪರೀಕ್ಷೆಯಲ್ಲಿ ಪಾಸಾದ ಟ್ಯಾಂಕು ತಾನು ಹೊರಬೇಕಾದ ಭಾರದ ಮೂರರಲ್ಲಿ ಎರಡು ಪಾಲನ್ನಷ್ಟೇ ಕಂಡಿರುತ್ತದೆ. ಉಳಿದ 90 ಟನ್ ಮೊದಲ ಬಾರಿ ಬೀಳುವುದು ಲೈ ಬಂದ ದಿನ. ಆ ದಿನ ಅಡಿಯಲ್ಲಿ ಎರೆ ಮಣ್ಣಿದ್ದರೆ? ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಕರಿ ಎರೆಯ ಮೇಲೆ ಮಣ್ಣು ಬದಲಿಸದೆ ಕಟ್ಟಿದ ಅಡಿಪಾಯ ಒಂದು ಬದಿಗೆ ಕುಸಿದರೂ ಗೋಡೆ ಮತ್ತು ತಳ ಕೂಡುವ ಮೂಲೆಯ ಬೆಸುಗೆಗೆ ಹೊಸ ಬಿಗಿತ ಬೀಳುತ್ತದೆ. 2008ರ ನವೆಂಬರ್ 12ರಂದು ಅಮೆರಿಕದ ವರ್ಜೀನಿಯಾದ ಚೆಸಾಪೀಕ್‌ನಲ್ಲಿ ದ್ರವ ಗೊಬ್ಬರದ ಟ್ಯಾಂಕೊಂದು ತುಂಬುವಾಗಲೇ ಸೀಳಿ ಕುಸಿಯಿತು, ಇಬ್ಬರು ಕೆಲಸಗಾರರು ತೀವ್ರವಾಗಿ ಗಾಯಗೊಂಡರು. ಆ ದ್ರವವೂ ನೀರಿಗಿಂತ ಭಾರದ್ದು. ಹಳೆಯ ರಿವೆಟ್ ಜೋಡಣೆಗಳ ಜಾಗದಲ್ಲಿ ಹಾಕಿದ ಬೆಸುಗೆಗಳು ಕಳಪೆಯಾಗಿದ್ದವೆಂದು ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಅದು ಕಾಸ್ಟಿಕ್ಕಿನ ಸೀಳಲ್ಲ. ಆದರೂ ಭಾರದ ದ್ರವ, ಪರೀಕ್ಷೆಯಾಗದ ಬೆಸುಗೆ — ಈ ಜೋಡಿ ನಮ್ಮದೂ ಹೌದು.

ಇಷ್ಟನ್ನು ನಕಾಶೆಯಲ್ಲಿ ತರುವುದು ಹೇಗೆ? ಬಹಳ ಬಿಗಿತ ಕೂಡುವುದು ಗೋಡೆಯನ್ನು ಕತ್ತರಿಸಿ ನಾಝಲ್ ಕೂರಿಸುವಲ್ಲಿ. ಆದ್ದರಿಂದ ಇಡೀ ಟ್ಯಾಂಕನ್ನು ಕುಲುಮೆಗೆ ಹಾಕಲಾಗದಿದ್ದರೂ ನಾಝಲ್ಲನ್ನು ಮೊದಲೇ ಒಂದು ತಗಡಿನ ತುಂಡಿಗೆ ಬೆಸೆದು, ಆ ತುಂಡನ್ನು ವರ್ಕ್‌ಶಾಪಿನ ಕುಲುಮೆಯಲ್ಲಿ 600ರಿಂದ 650 ಡಿಗ್ರಿಗೆ ಕಾಯಿಸಿ, ಪ್ರತಿ 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ ಹಿಡಿದು, ನಿಧಾನವಾಗಿ ಆರಿಸಿ, ಆಮೇಲೆ ಗೋಡೆಗೆ ಕೂರಿಸಬಹುದು. ಸಣ್ಣ ಟ್ಯಾಂಕಾದರೆ ಇಡಿಯಾಗಿಯೇ ಕುಲುಮೆಗೆ ಹೋಗಲಿ. ಕಟ್ಟುವಾಗ ತಗಡು ಹಿಡಿಯಲು ತಾತ್ಕಾಲಿಕವಾಗಿ ಬೆಸೆದ ಕ್ಲೀಟುಗಳನ್ನು ಸುತ್ತಿಗೆಯಿಂದ ಬಡಿದು ಕೀಳುವುದು ನಮ್ಮಲ್ಲಿ ಸಾಮಾನ್ಯ ದೃಶ್ಯ. ಆ ಕಿತ್ತ ಗಾಯ ಒಳಮೈಯಲ್ಲಿದ್ದರೆ ಅಲ್ಲಿಂದಲೇ ಬಿರುಕು ಶುರುವಾಗಬಹುದು; ಅದನ್ನು ಗ್ರೈಂಡರಿನಿಂದ ನಯ ಮಾಡಿ ಪರೀಕ್ಷಿಸಬೇಕು. ಇನ್ನು ಬಿಡಿಭಾಗಗಳು. ಅಲ್ಯುಮಿನಿಯಂ, ಸತುವಿನ ಲೇಪ, ಹಿತ್ತಾಳೆ ಯಾವುದೂ ಬೇಡ. ಅಲ್ಯುಮಿನಿಯಂ ಮತ್ತು ಸತುವನ್ನು ಕಾಸ್ಟಿಕ್ ಕರಗಿಸುತ್ತದೆ, ಕರಗಿಸುವಾಗ ಉರಿಯುವ ಜಲಜನಕ ಹೊರಬರುತ್ತದೆ. ಜಿಐ ಪೈಪಿನ ಒಂದು ತುಂಡು ಅಥವಾ ಅಲ್ಯುಮಿನಿಯಂ ಏಣಿಯೊಂದು ಒಳಗೆ ಸೇರದಂತೆ ನೋಡಿಕೊಳ್ಳುವುದೂ ವಿನ್ಯಾಸವೇ.

ದುಬಾರಿಯಾಯಿತಲ್ಲ, ಸ್ಟೇನ್‌ಲೆಸ್ ಹಾಕಿಬಿಡೋಣ ಎನ್ನುವವರಿಗೆ: ಸಾಧಾರಣ ಶಾಖದಲ್ಲಿ 304, 316 ದರ್ಜೆಗಳು ಸಾದಾ ಉಕ್ಕಿಗಿಂತ ಚೆನ್ನಾಗಿ ನಿಲ್ಲುತ್ತವೆ, ಲೈಗೆ ಕಬ್ಬಿಣ ಬೆರೆಯುವುದನ್ನೂ ತಪ್ಪಿಸುತ್ತವೆ. ನೂರು ಡಿಗ್ರಿಯ ಹತ್ತಿರ ಹೋದರೆ ಅವೂ ಸೀಳುತ್ತವೆ. ಕ್ಲೋರೈಡು ಸೇರಿದರೆ ಇನ್ನೂ ಕೆಳಗಿನ ಶಾಖದಲ್ಲೇ ಸೀಳಬಹುದು. ತಣ್ಣನೆಯ ಲೈಗೆ ಸಾದಾ ಉಕ್ಕೇ ಸಾಕಾಗಿರುವಾಗ, ಬಿಸಿ ಲೈಗೆ ಸ್ಟೇನ್‌ಲೆಸ್ಸೂ ಸಾಲದಿರುವಾಗ, ಅದಕ್ಕೆ ಉಳಿಯುವ ಜಾಗ ನಡುವಿನ ಕಿರು ಪಟ್ಟಿ. ಪ್ಲಾಸ್ಟಿಕ್ ಟ್ಯಾಂಕಿನ ಪರ ವಾದಿಸುವವರನ್ನು ಮಾತ್ರ ನಾನು ಸುಲಭಕ್ಕೆ ಎದುರಿಸಲಾರೆ. ಐದು ಹತ್ತು ಸಾವಿರ ಲೀಟರಿನ ಅಗತ್ಯಕ್ಕೆ ಒಳ್ಳೆಯ ಪಾಲಿಥಿನ್ ಟ್ಯಾಂಕು, ನೆರಳಿನಲ್ಲಿಟ್ಟು, ಬಿಸಿ ತಾಕಿಸದೆ, ಕಾಲ ಕಾಲಕ್ಕೆ ಬದಲಿಸುವ ಶಿಸ್ತಿದ್ದರೆ ಉಕ್ಕಿಗಿಂತ ಜಾಣ ಆಯ್ಕೆ. ನಾರುಗಾಜಿನ ಟ್ಯಾಂಕಾದರೆ ಎಚ್ಚರ: ಲೈ ಗಾಜನ್ನೇ ತಿನ್ನುತ್ತದೆ. ವಿನೈಲ್ ಎಸ್ಟರ್ ರಾಳದ ಒಳಪದರ, ಅದರಲ್ಲಿ ಗಾಜಿನ ಬದಲು ಕೃತಕ ನಾರು ಇಲ್ಲದಿದ್ದರೆ ಅದು ಹೆಚ್ಚು ಕಾಲ ಬಾಳದು. ದೊಡ್ಡ ಟ್ಯಾಂಕಿಗೆ, ಬಿಸಿ ತಗಲುವ ಸಾಧ್ಯತೆ ಇರುವಲ್ಲಿಗೆ ಉಕ್ಕೇ ಉಳಿಯುತ್ತದೆ. ಶಾಖೋಪಚಾರದ ಖರ್ಚಿಗೆ ಹಣವನ್ನು ಎಲ್ಲಿಂದ ತರುವುದು ಎಂದರೆ, ಅನವಶ್ಯಕ 2 ಮಿ.ಮೀ. ದಪ್ಪದಿಂದ, ಬೇಡದ ಉಗಿ ಕಾಯಿಲ್ಲಿನಿಂದ ಎನ್ನುತ್ತೇನೆ. ಆ ಎರಡನ್ನು ಬಿಟ್ಟರೆ ಉಳಿಯುವ ಉಕ್ಕಿನ ಬೆಲೆ ಈ ಖರ್ಚಿನ ಬಹುಪಾಲನ್ನು ತುಂಬಬಲ್ಲದು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಅನುಭವಸ್ಥರದ್ದು. ನಮ್ಮ ಟ್ಯಾಂಕು ಇಪ್ಪತ್ತು ವರ್ಷದಿಂದ ನಿಂತಿದೆ, ವರ್ಷ ವರ್ಷ ದಪ್ಪ ಅಳೆಸುತ್ತೇವೆ, ಕೂದಲೆಳೆಯಷ್ಟೂ ಸವೆದಿಲ್ಲ ಎನ್ನುತ್ತಾರೆ. ಇದು ಸುಳ್ಳಲ್ಲ. ಆದರೆ ಶ್ರವಣಾತೀತ ಗೇಜು ತಗಡಿನ ದಪ್ಪವನ್ನು ಹೇಳುತ್ತದೆ, ಬೆಸುಗೆಯ ಪಕ್ಕದ ಬಿರುಕನ್ನು ಹೇಳುವುದಿಲ್ಲ. ಕಾಸ್ಟಿಕ್ ಬಿರುಕು ಲೋಹದ ಕಣಕಣಗಳ ಗಡಿಯ ಗುಂಟ ಹರಿಯುತ್ತದೆ, ತಗಡು ಸವೆಯದೆಯೇ ಆಚೆ ಬದಿ ಮುಟ್ಟುತ್ತದೆ. ಹೊರಗಿನಿಂದ ಕಾಣುವ ಗುರುತು ಬೇರೆ: ಬೆಸುಗೆಯ ಅಂಚಿಗೆ ಹೊಂದಿಕೊಂಡು ಸುಣ್ಣದ ಕಡ್ಡಿಯಿಂದ ಎಳೆದಂಥ ಒಂದು ಸಣ್ಣ ಬಿಳಿ ಗೆರೆ. ಬಿರುಕಿನಿಂದ ಜಿನುಗಿದ ಲೈ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸೋಡಿಯಂ ಕಾರ್ಬೊನೇಟಾಗಿ ಒಣಗಿ ಉಳಿಯುವ ಉಪ್ಪು ಅದು. ಎಷ್ಟೋ ಕಡೆ ಅದನ್ನು ಗ್ಯಾಸ್ಕೆಟ್ ಸೋರಿಕೆ ಎಂದು ತಿಳಿದು ಒರೆಸಿ ಬಣ್ಣ ಬಳಿಯುತ್ತಾರೆ, ಇಲ್ಲವೆ ಅದರ ಮೇಲೆಯೇ ಬೆಸುಗೆ ಎಳೆಯುತ್ತಾರೆ. ಬೆಸುಗೆಯ ಹೊಸ ಒಳಬಿಗಿತದಿಂದ ಬಿರುಕು ಪಕ್ಕಕ್ಕೆ ಸರಿದು ಮತ್ತೆ ಶುರುವಾಗುತ್ತದೆ. ಬಿರುಕು ಹುಡುಕಬೇಕಾದರೆ ಟ್ಯಾಂಕು ಖಾಲಿ ಮಾಡಿ ಒಳಗಿನಿಂದ ಬೆಸುಗೆಗಳ ಮೇಲೆ ಬಣ್ಣ ನುಸುಳಿಸುವ ಪರೀಕ್ಷೆಯೋ ಕಾಂತಕಣದ ಪರೀಕ್ಷೆಯೋ ಮಾಡಬೇಕು. ಹಿಂದೆ ನಿಂತಿತ್ತು ಎನ್ನುವುದು ಮುಂದೆಯೂ ನಿಲ್ಲುವುದಕ್ಕೆ ಸಾಕ್ಷಿಯಲ್ಲ ಎಂದು ಈ ಜಿಲ್ಲೆಯವರಿಗೆ ಯಾರೂ ಬೋಧಿಸಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ಲಿಂಕ್ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಾತ್ಕಾಲಿಕ ಗೇಟು ಕೂರಿಸುವವರೆಗೆ ಅಚ್ಚುಕಟ್ಟಿನ ರೈತರು ಉಸಿರು ಬಿಗಿಹಿಡಿದಿದ್ದರು. ಅಲ್ಲಿ ಕಾಸ್ಟಿಕ್ ಇರಲಿಲ್ಲ. ಆದರೆ ಎಪ್ಪತ್ತು ವರ್ಷ ಭಾರ ಹೊತ್ತ ಉಕ್ಕಿನ ರಚನೆ ಕೈಕೊಟ್ಟದ್ದು ದೊಡ್ಡ ತಗಡಿನಲ್ಲಲ್ಲ, ಒಂದು ಕೊಂಡಿಯಲ್ಲಿ.

ನೆರೆಹೊರೆಯ ಮಾತೊಂದು ಉಳಿದಿದೆ. ಆಮ್ಲದ ಟ್ಯಾಂಕು, ಕಾಸ್ಟಿಕ್ ಟ್ಯಾಂಕುಗಳನ್ನು ಪೈಪು ಉಳಿಸಲೆಂದು ಒಂದೇ ಕಟ್ಟೆಯೊಳಗೆ ನಿಲ್ಲಿಸುವುದುಂಟು. ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಪಕ್ಕದ ಉಕ್ಕಿನ ಟ್ಯಾಂಕನ್ನು ಹೊರಗಿನಿಂದ ತಿನ್ನುತ್ತದೆ. ಒಳಗಿನ ಕಾಸ್ಟಿಕ್ ಮಾಡದ ಕೆಲಸವನ್ನು ಹೊರಗಿನ ಆಮ್ಲ ಮಾಡುತ್ತದೆ. ಎರಡೂ ಸೋರಿ ಕಟ್ಟೆಯಲ್ಲಿ ಕೂಡಿದರೆ ಕುದಿದು ಸಿಡಿಯುತ್ತದೆ. ಎರಡಕ್ಕೂ ಬೇರೆ ಬೇರೆ ಕಟ್ಟೆ, ಪ್ರತಿ ಕಟ್ಟೆಗೂ ಒಳಗಿನ ಅತಿ ದೊಡ್ಡ ಟ್ಯಾಂಕಿನ ಪೂರ್ತಿ ಅಳತೆಗಿಂತ ಸ್ವಲ್ಪ ಹೆಚ್ಚು ಜಾಗ, ಕಣ್ಣು ತೊಳೆಯುವ ನೀರು ಹತ್ತು ಹೆಜ್ಜೆಯೊಳಗೆ. ಇವಕ್ಕೆ ವಾದ ಬೇಕಾಗಿಲ್ಲ.

ವಾದ ಬೇಕಾದದ್ದು ಆರ್ಡರಿನ ಕಾಗದದಲ್ಲಿ. ಇಂದು ಫ್ಯಾಬ್ರಿಕೇಷನ್ ಶೆಡ್ಡಿಗೆ ಹೋಗುವ ಎಷ್ಟೋ ವಿಚಾರಣೆಗಳಲ್ಲಿ ಲೀಟರು, ತಗಡಿನ ದಪ್ಪ, ದರ ಎಂಬ ಮೂರೇ ಸಾಲು. ಅದರ ಜಾಗದಲ್ಲಿ ಲೈಯ ಪ್ರಮಾಣ ಮತ್ತು ಸಾಂದ್ರತೆ, ಬೇಸಿಗೆಯ ಗರಿಷ್ಠ ಶಾಖ, ಬೆರಕೆ ಅಥವಾ ಉಗಿಯಿಂದ ಬರಬಹುದಾದ ಗರಿಷ್ಠ ಶಾಖ, ಯಾವ ಬೆಸುಗೆಗಳಿಗೆ ಶಾಖೋಪಚಾರ, ಅಡಿಪಾಯದ ಮಣ್ಣು — ಇಷ್ಟನ್ನು ಬರೆಸಬೇಕು. ಕಟ್ಟಿದ ಮೇಲೆ ಇದೇ ಸಂಗತಿಗಳನ್ನು ಟ್ಯಾಂಕಿನ ಹೆಸರುಫಲಕದಲ್ಲೂ ಕೊರೆಸಬೇಕು: ಶಾಖೋಪಚಾರ ಆಗಿದೆಯೋ ಇಲ್ಲವೋ, ಎಷ್ಟು ಡಿಗ್ರಿಯವರೆಗೆ ಸುರಕ್ಷಿತ, ಉಗಿ ಬಿಡಬಹುದೋ ಬಾರದೋ. ಟ್ಯಾಂಕು ಕಟ್ಟಿಸಿದ ಇಂಜಿನಿಯರು ವರ್ಗವಾಗಿ ಹೋದ ಮೇಲೆ, ಕಾರ್ಖಾನೆ ಬೇರೆಯವರ ಕೈಗೆ ಹೋದ ಮೇಲೆ, ಉಗಿಯ ಹೋಸು ಹಿಡಿದು ಒಳಗಿಳಿಯುವ ಹುಡುಗನಿಗೆ ಓದಲು ಸಿಗುವುದು ಆ ಫಲಕ ಒಂದೇ, ಹಾಗಾಗಿ ಅದು ಕನ್ನಡದಲ್ಲಿರಬೇಕು.